ಲೇಸರ್ ಆಯ್ತು, ಮುಂದೇನು?

ಎಲ್ಲರಿಗೂ ನಮಸ್ಕಾರ. 20 ನಿಮಿಷ ಕೊಟ್ಟಿದ್ದೀರಿ, ಅದರಲ್ಲಿ ಐದು ಹಾರ-ಶಾಲಿಗೇ ಹೋಯಿತು. ಬಾಗಲಕೋಟೆಯಲ್ಲಿ ಅದು ಕಡಿಮೆಯೇ ಬಿಡಿ.

ಒಂದೇ ಮಾಸು ಹಂಚಿಕೊಂಡ ಅವಳಿಗಳಲ್ಲಿ 100ಕ್ಕೆ 10ರಿಂದ 15 ಕಡೆ ರಕ್ತದ ಹಂಚಿಕೆ ಕೆಡುತ್ತದೆ, ಮಾಸಿನಲ್ಲಿ ಕೂಡಿದ ರಕ್ತನಾಳಗಳಿಂದ ಒಂದು ಕೂಸಿನ ರಕ್ತ ಇನ್ನೊಂದಕ್ಕೆ ಸೋರುತ್ತದೆ. ಚೀಲದಲ್ಲಿ ಹೆಚ್ಚಾದ ನೀರು ತೆಗೆಯೋದಕ್ಕಿಂತ ಆ ರಕ್ತನಾಳಗಳನ್ನು ಲೇಸರ್‌ನಿಂದ ಸುಡೋದು ವಾಸಿ ಅಂತ 2004ರಲ್ಲೇ ಯುರೋಪಿನ ಅಧ್ಯಯನ ತೋರಿಸಿತು. ಇದೆಲ್ಲ ನಿಮಗೆ ಗೊತ್ತು. ನನ್ನ ತಕರಾರು ಲೇಸರ್ ಆದ ಮೇಲಿನದು. ಬಸುರಿ ಬೆಂಗಳೂರಿನಿಂದ ಊರಿಗೆ ಬರುತ್ತಾಳೆ, ನಾವು ಸ್ಕ್ಯಾನ್ ಮಾಡಿ ‘ಎರಡಕ್ಕೂ ಬಡಿತ ಇದೆ’ ಅಂತ ಬರೆದು ಕಳಿಸುತ್ತೇವೆ. ಇದು ರಿಪೋರ್ಟಾ? ಎರಡು ಕೂಸು, ಎರಡು ಚೀಟಿ!

ಹಿಂದೊಮ್ಮೆ ಮುಧೋಳ ಕಡೆಯ ಹೆಣ್ಣುಮಗಳೊಬ್ಬಳು ಲೇಸರ್ ಆಗಿ ನಾಲ್ಕನೇ ದಿನಕ್ಕೆ ಬಂದಳು. ಜೊತೆಗೆ ಅತ್ತೆ. ಕಬ್ಬು ಬೆಳೆಯುವ ಮನೆತನ. "ಒಳಗ ಏನ್ ಸುಟ್ಟಾರ್ರಿ ಸಾಹೇಬ್ರ?" ಅಂದರು. ನಾನು ಜಾಣತನ ತೋರಿಸಿದೆ. "ಎರಡು ಹೊಲ ಐತಿ ಅಂತ ತಿಳ್ಕೋರಿ ಅವ್ವಾರ. ಬದು ಒಡದು ಒಂದರ ನೀರು ಇನ್ನೊಂದಕ್ಕ ಹರೀತಿತ್ತು. ಈಗ ಬದು ಕಟ್ಯಾರ." ಆಯಮ್ಮ ಸುಮ್ನಿರಲಿಲ್ಲ. ಕಾಲುವೆ ಸರದಿ, ಅಣ್ಣತಮ್ಮಂದಿರ ಜಗಳ ಎಲ್ಲ ಹೇಳಿ, ಕಡೆಗೆ ಕೇಳಿದರು: "ಒಣಗಿದ್ದ ಹೊಲದಾಗ ಈಗ ಒಮ್ಮೆಲೇ ನೀರು ನಿಲ್ಲತೈತಲ್ಲರಿ? ಬೆಳಿ ಕೊಳೆಯೂದಿಲ್ಲೇನು?"

ನಮ್ಮ ಪಿಜಿ ಹುಡುಗರಿಗೆ ಈ ಪ್ರಶ್ನೆ ಹೊಳೆಯೋದಿಲ್ಲ ನೋಡಿ. ಆಗೋದು ಅದೇ. ಡೋನರ್ ಕೂಸು, ಅಂದರೆ ರಕ್ತ ಕಳೆದುಕೊಳ್ಳುತ್ತಿದ್ದದ್ದು, ವಾರಗಟ್ಟಲೆ ಕಡಿಮೆ ರಕ್ತಕ್ಕೆ ಒಗ್ಗಿಕೊಂಡಿರುತ್ತದೆ. ಸೋರಿಕೆ ನಿಂತ ಮೇಲೆ ಆ ಪುಟ್ಟ ಹೃದಯಕ್ಕೆ ಒಮ್ಮೆಲೇ ಭಾರ. ಹೊಕ್ಕಳಬಳ್ಳಿಯ ರಕ್ತವನ್ನು ಹೃದಯದ ಕಡೆ ಒಯ್ಯುವ ಡಕ್ಟಸ್ ವೀನೋಸಸ್ ನಾಳದಲ್ಲಿ, ಹೃದಯದ ಮೇಲಿನ ಕೋಣೆ ಹಿಂಡುವ ಹೊತ್ತಿನ ‘ಎ’ ಅಲೆ ಕೆಲವು ದಿನ ಕೆಡಬಹುದು. ಹೊಟ್ಟೆಯಲ್ಲಿ ನೀರು, ಮೈಯೆಲ್ಲ ಬಾವು ಸಹ ಕಾಣಬಹುದು. ಬಹಳಷ್ಟು ಸಲ ಅದು ತಾನಾಗಿ ಇಳಿಯುತ್ತದೆ. ಅದನ್ನು ಕಂಡ ಕೂಡಲೇ ಮನೆಯವರಿಗೆ ‘ಕೈ ಬಿಟ್ಟಿತು’ ಅನ್ನಬೇಡಿ. ಹಾಗಂತ ಮುಂದಿನ ತಿಂಗಳು ಬನ್ನಿ ಅನ್ನೋದೂ ತಪ್ಪು. ಬೇಗ ಬೇಗ ಕರೆದು ನೋಡಿ. ಅದೇ ಕೂಸಿನ ಹೊಕ್ಕಳಬಳ್ಳಿಯ ಧಮನಿಯಲ್ಲಿ ಡಯಾಸ್ಟೋಲ್ ಹೊತ್ತಿಗೆ, ಅಂದರೆ ಹೃದಯ ಸಡಿಲಾಗುವಾಗ, ನಿಂತಿದ್ದ ಹರಿವು ಎಷ್ಟೋ ಸಲ ಮರಳಿರುತ್ತದೆ. ಒಂದು ಕಡೆ ಕೆಟ್ಟಂತೆ, ಇನ್ನೊಂದು ಕಡೆ ಸುಧಾರಿಸಿದಂತೆ!

ರೆಸಿಪಿಯಂಟ್, ಅಂದರೆ ಆ ರಕ್ತ ಪಡೆಯುತ್ತಿದ್ದ ಕೂಸಿನದು ಉಲ್ಟಾ. ಜಾಸ್ತಿ ರಕ್ತ ಹೊತ್ತು ದಪ್ಪಗಾದ ಹೃದಯ ಈಗ ಉಸಿರು ಬಿಡುತ್ತದೆ. ಹೃದಯದ ಬಲಗಡೆಯ ಟ್ರೈಕಸ್ಪಿಡ್ ಕವಾಟದ ಸೋರಿಕೆ ಕೆಲವು ವಾರಗಳಲ್ಲಿ ಇಳಿಯುತ್ತದೆ. ಆದರೆ ಶ್ವಾಸಕೋಶದ ಕಡೆ ರಕ್ತ ಬಿಡುವ ಪಲ್ಮನರಿ ಕವಾಟ ಕಿರಿದಾಗಿ ಉಳಿಯಬಹುದು. ಹೆರಿಗೆ ಆದ ಮೇಲೂ ಎಕೋ, ಅಂದರೆ ಹೃದಯದ ಸ್ಕ್ಯಾನ್, ಮಾಡಿಸಿ. ಅದಕ್ಕೇ ಮತ್ತೆ ಹೇಳ್ತೀನಿ, ಎರಡು ಕೂಸು, ಎರಡು ಚೀಟಿ.

ಅಧ್ಯಕ್ಷರು ಗಡಿಯಾರ ನೋಡ್ತಿದ್ದಾರೆ, ಓಡಿಸ್ತೀನಿ. ಲೇಸರ್‌ಗೆ ಸಿಗದೆ ಕೂದಲೆಳೆಯಂಥ ರಕ್ತನಾಳ ಉಳಿದರೆ ಒಂದು ಕೂಸಿಗೆ ರಕ್ತಹೀನತೆ, ಇನ್ನೊಂದಕ್ಕೆ ರಕ್ತ ಗಟ್ಟಿ. ಚೀಲದ ನೀರು ಸರಿ ಇದ್ದರೂ ಇದು ಆಗುತ್ತದೆ. ರಕ್ತಹೀನತೆ ಇದ್ದರೆ ಮಿದುಳಿನ ಧಮನಿಯಲ್ಲಿ ರಕ್ತ ಜೋರಾಗಿ ಹರಿಯುತ್ತದೆ, ಹಾಗಾಗಿ ಆ ವೇಗ ಎರಡು ಕೂಸಿನಲ್ಲೂ ಅಳೆಯಿರಿ. ಸುಟ್ಟ ಬಿಂದುಗಳನ್ನು ಗೆರೆಯಂತೆ ಜೋಡಿಸುವ ಸೊಲೊಮನ್ ವಿಧಾನದಲ್ಲಿ ಇದು ಕಡಿಮೆ, 2014ರಲ್ಲಿ ಪ್ರಕಟವಾಗಿದೆ. ಸ್ಲೈಡ್ ಇತ್ತು, ಬಿಡಿ.

11ರಿಂದ 14 ವಾರದೊಳಗೆ ಮಾಸು ಒಂದೋ ಎರಡೋ ಬರೆಯಿರಿ. ಒಂದಾದರೆ 16ನೇ ವಾರದಿಂದ ಎರಡು ವಾರಕ್ಕೊಮ್ಮೆ ಸ್ಕ್ಯಾನ್. ಆಯ್ತು ಅಧ್ಯಕ್ಷರೇ, ಇಳಿದೆ. ಪ್ರಶ್ನೆ ಇದ್ದವರು ಊಟದ ಸಾಲಲ್ಲಿ ಹಿಡೀರಿ.