ಮೀಟರ್ 12.6 ತೋರಿಸ್ತಿತ್ತು, ಗಾಡಿ ಮಾತ್ರ ಸ್ಟಾರ್ಟ್ ಆಗಲಿಲ್ಲ

ಈ ಶಬ್ದ ಕೇಳಿ. ಕಿಕ್ ಕೆಳಗಿಳೀತು, ಎಂಜಿನ್ ತಿರುಗಿತು, ನಿಂತಿತು. ಒಂದು ಸಲಾನೂ 'ಡಬ್' ಅನ್ನಲಿಲ್ಲ. ಎರಡು ದಿನದಿಂದ ಇದೇ ಕಥೆ.

1970ರ ದಶಕದ ಗಾಡಿ ಇದು. ಒಂದೇ ಸಿಲಿಂಡರ್, 12 ವೋಲ್ಟ್ ಬ್ಯಾಟರಿ, ಪಾಯಿಂಟ್ ಇಗ್ನಿಷನ್, ಅಂದ್ರೆ ಎಂಜಿನ್ ತಿರುಗಿದ ಹಾಗೆ ತೆರೆದು ಮುಚ್ಚೋ ಒಂದು ಪುಟ್ಟ ಸ್ವಿಚ್ಚಿಂದ (ಅದೇ ಪಾಯಿಂಟ್) ಕಿಡಿ ಹುಟ್ಟಿಸೋ ವ್ಯವಸ್ಥೆ. ಎಂಟು ತಿಂಗಳು ಹೊದಿಕೆ ಅಡಿ ನಿಂತಿತ್ತು. ನಿಲ್ಲಿಸಿದ ದಿನ ಒಂದೇ ಕಿಕ್ಕಿಗೆ ಏಳ್ತಿದ್ದ ಗಾಡಿ. ಹಾರ್ನ್ ಈಗಲೂ ಜೋರಾಗಿದೆ, ಹೆಡ್‌ಲೈಟ್ ಬೆಳ್ಳಗೆ ಉರಿಯುತ್ತೆ. ಹಾಗಾಗಿ ವೈರಿಂಗ್ ಸರಿಯಾಗೇ ಇದೆ ಅಂತ ನಾನು ಮೊದಲೇ ತೀರ್ಮಾನ ಮಾಡ್ಬಿಟ್ಟೆ. ತಪ್ಪು ಶುರುವಾಗಿದ್ದೇ ಅಲ್ಲಿ.

ಮೊದಲು ಕಿಡಿ ನೋಡೋಣ ಅಂತ ಪ್ಲಗ್ ಬಿಚ್ಚಿದೆ. ಕ್ಯಾಪಿಗೆ ಸಿಕ್ಕಿಸಿ, ಪ್ಲಗ್ಗಿನ ಲೋಹದ ಭಾಗವನ್ನ ಎಂಜಿನ್ನಿಗೆ ಗಟ್ಟಿಯಾಗಿ ತಾಗಿಸಿಟ್ಟೆ. ನೀವು ಮಾಡುವಾಗ ಎರಡು ವಿಷಯ ನೆನಪಿರಲಿ. ಪ್ಲಗ್ ಬಿಚ್ಚಿದ ತೂತಿಂದ ಪೆಟ್ರೋಲ್ ಆವಿ ಬರುತ್ತೆ, ಅದರ ಹತ್ತಿರ ಕಿಡಿ ಹೊಡೆಸಬೇಡಿ. ಪ್ಲಗ್ ಎಲ್ಲೂ ತಾಗದೆ ನೇತಾಡ್ತಾ ಇರೋವಾಗ ಕಿಕ್ ಹೊಡೀಬೇಡಿ, ಹೋಗೋಕೆ ದಾರಿ ಸಿಗದ ವೋಲ್ಟೇಜು ಕಾಯಿಲಿನ (ಬ್ಯಾಟರಿ ವೋಲ್ಟೇಜನ್ನ ಕಿಡಿಗೆ ಬೇಕಾದಷ್ಟು ಏರಿಸೋ ತಂತಿ ಸುರುಳಿ) ಒಳಗಿನ ಇನ್ಸುಲೇಷನ್ನನ್ನೇ ಸುಟ್ಟು ಹಾಕಬಹುದು.

ನೋಡಿ, ಕಿಡಿ ಇದೆ. ಆದರೆ ಕೂದಲೆಳೆಯಷ್ಟು ತೆಳ್ಳಗೆ, ಕಿತ್ತಳೆ ಬಣ್ಣದಲ್ಲಿ. ಹೊರಗೆ ಇಷ್ಟಾದ್ರೂ ಹಾರುತ್ತೆ. ಸಿಲಿಂಡರ್ ಒಳಗೆ ಗಾಳಿ ಒತ್ತಿಕೊಂಡಿರುತ್ತೆ, ಅದೇ ಅಂತರ ದಾಟೋಕೆ ಇದಕ್ಕಿಂತ ಎಷ್ಟೋ ಹೆಚ್ಚು ವೋಲ್ಟೇಜ್ ಬೇಕು. ಈ ಕಿಡಿ ಅಲ್ಲಿ ಸತ್ತೇ ಹೋಗುತ್ತೆ.

ಪಾಯಿಂಟ್ ಮುಚ್ಚಿದಾಗ ಕಾಯಿಲಿನಲ್ಲಿ ಕರೆಂಟ್ ಹರಿದು ಕಾಂತಕ್ಷೇತ್ರ ತುಂಬಿಕೊಳ್ಳುತ್ತೆ. ಪಾಯಿಂಟ್ ತೆರೆದ ಕ್ಷಣ ಆ ಕ್ಷೇತ್ರ ಕುಸಿಯುತ್ತೆ, ಆಗ ಪ್ಲಗ್ಗಿಗೆ ಸಾವಿರಾರು ವೋಲ್ಟ್ ಹೋಗುತ್ತೆ. ಕಿಡಿ ಹುಟ್ಟೋದು ತೆರೆದಾಗ, ಅದಕ್ಕೆ ಬೇಕಾದ ಶಕ್ತಿ ಕೂಡೋದು ಮುಚ್ಚಿದ್ದಾಗ. ಇದನ್ನ ಬಾಯಿಪಾಠ ಹೇಳೋಷ್ಟು ಗೊತ್ತಿದ್ದೂ ನಾನು ಪರೀಕ್ಷೆ ಮಾಡಿದ್ದು ಉಲ್ಟಾ.

ಪಾಯಿಂಟ್ ಉಜ್ಜಿದೆ. ಗಾಡಿ ನಿಂತಿದ್ದರೆ ಅದರ ಮೇಲೆ ಕಣ್ಣಿಗೆ ಕಾಣದ ಪದರ ಕೂರುತ್ತೆ, ನುಣುಪು ಎಮರಿ ಪೇಪರ್ ಎರಡು ಸಲ ಎಳೆದು ಒರೆಸಿದ್ರೆ ಸಾಕು. ಪಾಯಿಂಟ್ ತೆರೆದಾಗಿನ ಗ್ಯಾಪನ್ನ ಫೀಲರ್ ಗೇಜಲ್ಲಿ (ಸಂದು ಅಳೆಯೋ ತೆಳು ಪಟ್ಟಿ) 0.4 ಮಿಲಿಮೀಟರ್‌ಗೆ ಇಟ್ಟೆ. ಪಾಯಿಂಟ್ ತೆರೆದಾಗ ಅಲ್ಲೇ ಕಿಡಿ ಹಾರದ ಹಾಗೆ ತಡೆಯೋ ಕಂಡೆನ್ಸರ್ ಹೋಗಿದ್ರೆ ಪಾಯಿಂಟ್ ನಡುವೆ ದಪ್ಪ ಕಿಡಿ ಚಿಟಚಿಟ ಅನ್ನುತ್ತೆ, ಅದೂ ಇಲ್ಲ. ಬ್ಯಾಟರಿ 12.6 ವೋಲ್ಟ್, ಪೂರ್ತಿ ಚಾರ್ಜ್. ಕೀ ಹಾಕಿ ಕಾಯಿಲಿನ ಪ್ಲಸ್ ತುದೀಲಿ ಮೀಟರ್ ಇಟ್ಟೆ. ಅಲ್ಲೂ 12.6. ಕರೆಂಟ್ ಬಂದು ತಲುಪ್ತಾ ಇದೆ, ಹಾಗಾದ್ರೆ ಕಾಯಿಲೇ ಹೋಗಿರಬೇಕು ಅಂದ್ಕೊಂಡೆ. ಹೊಸ ಕಾಯಿಲ್ ಹಾಕಿದೆ.

ಅದೇ ಕಿತ್ತಳೆ ಕಿಡಿ.

ಆ ರಾತ್ರಿ ಸರಿಯಾಗಿ ನಿದ್ದೆ ಬರಲಿಲ್ಲ. ಬೆಳಿಗ್ಗೆ ಎದ್ದಾಗ ಹೊಳೀತು: ನಾನು ಅಳೆದಾಗ ಪಾಯಿಂಟ್ ತೆರೆದಿತ್ತು! ಅಂದ್ರೆ ಆ ವೈರಿನಲ್ಲಿ ಕರೆಂಟ್ ಹರೀತಾನೇ ಇರಲಿಲ್ಲ. ಅರ್ಧ ಕಟ್ಟಿಕೊಂಡ ಪೈಪಿನ ತುದೀಲಿ ನಲ್ಲಿ ಮುಚ್ಚಿದ್ರೆ ಒತ್ತಡ ಪೂರ್ತಿನೇ ಇರುತ್ತೆ. ನಲ್ಲಿ ತಿರುಗಿಸಿದಾಗ ತಾನೇ ನೀರು ಬರೋದು ಎಷ್ಟು ಸಣ್ಣಗೆ ಅಂತ ಗೊತ್ತಾಗೋದು?

ಎಂಜಿನ್ನನ್ನ ನಿಧಾನಕ್ಕೆ ತಿರುಗಿಸಿ ಪಾಯಿಂಟ್ ಮುಚ್ಚೋ ಜಾಗಕ್ಕೆ ತಂದೆ. ಕೀ ಹಾಕಿದೆ. ಈ ಸ್ಥಿತೀಲಿ ಹೆಚ್ಚು ಹೊತ್ತು ಬಿಟ್ರೆ ಕಾಯಿಲ್ ಕಾಯುತ್ತೆ, ಓದಿ ತಕ್ಷಣ ಕೀ ತೆಗೀಬೇಕು. ಬ್ಯಾಟರಿ 12.4. ಕಾಯಿಲ್ ತುದೀಲಿ 8.3.

ನಾಲ್ಕು ವೋಲ್ಟ್ ದಾರೀಲೇ ಎಲ್ಲೋ ಬಿದ್ದು ಹೋಗ್ತಾ ಇದೆ.

ಇನ್ನು ಎಲ್ಲಿ ಅಂತ ಹಿಡಿಯೋದು ಸುಲಭ. ಮೀಟರಿನ ಎರಡೂ ಕಡ್ಡೀನ ಒಂದೇ ವೈರಿನ ಎರಡು ತುದಿಗೆ ಇಡೋದು. ಆ ತುಂಡು ಆರೋಗ್ಯವಾಗಿದ್ರೆ ಸೊನ್ನೆ ಹತ್ತಿರ ಬರಬೇಕು. ಬಂದಷ್ಟು ವೋಲ್ಟ್ ಆ ತುಂಡು ತಿಂತಾ ಇದೆ ಅಂತ ಅರ್ಥ. ಫ್ಯೂಸ್ ಕಡೆ 0.2. ಕೀ ಸ್ವಿಚ್ಚಲ್ಲಿ 0.2. ಎಂಜಿನ್ ಆಫ್ ಮಾಡೋಕೆ ಹ್ಯಾಂಡಲಿನ ಮೇಲಿರೋ ಕಿಲ್ ಸ್ವಿಚ್ಚಲ್ಲಿ 3.7. ಅಲ್ಲಿ ಸಿಕ್ಕಿತು ಕಳ್ಳ. ಹೆಡ್‌ಲೈಟಿಗೂ ಹಾರ್ನಿಗೂ ಈ ಸ್ವಿಚ್ಚಿನ ಹಂಗಿಲ್ಲ, ಅವುಗಳ ದಾರಿಯೇ ಬೇರೆ. ಅದಕ್ಕೇ ಅವು ಚೆನ್ನಾಗಿದ್ದವು.

ಬಿಡಲಿಲ್ಲ, ಕರೆಂಟ್ ಬ್ಯಾಟರಿಗೆ ವಾಪಸ್ ಬರೋ ಮೈನಸ್ ಕಡೇನೂ ನೋಡಿದೆ. ಎಂಜಿನ್ ಬಾಡಿಯಿಂದ ಬ್ಯಾಟರಿ ಮೈನಸ್ಸಿಗೆ 0.5. ಇದು ನನ್ನ ಕೈಕೆಲಸ. ಫ್ರೇಮಿಗೆ ಪೇಂಟ್ ಹೊಡೆಸಿದ ಮೇಲೆ ಬ್ಯಾಟರಿ ಮೈನಸ್ಸನ್ನ ಫ್ರೇಮಿಗೆ ಸೇರಿಸೋ ಅರ್ಥ್ ವೈರನ್ನ ಪೇಂಟ್ ಮೇಲೇ ಬಿಗಿದಿದ್ದೆ. ಹಾಗಾಗಿ ಕಾಯಿಲಿಗೆ ನಿಜವಾಗಿ ಸಿಗ್ತಿದ್ದದ್ದು 7.8 ವೋಲ್ಟ್. ಕಾಯಿಲ್ 4 ಓಮ್, ಅಂದ್ರೆ ಮೂರು ಆಂಪಿಯರ್ ಹರೀಬೇಕಾದ ಕಡೆ ಎರಡು ಹರೀತಿತ್ತು. ಕಾಯಿಲಿನಲ್ಲಿ ತುಂಬೋ ಶಕ್ತಿ ಕರೆಂಟಿನ ವರ್ಗಕ್ಕೆ ತಕ್ಕಂತೆ ಇಳಿಯುತ್ತೆ, ಹಾಗೆ ಲೆಕ್ಕ ಹಾಕಿದ್ರೆ ಉಳಿದಿದ್ದು ಅರ್ಧಕ್ಕಿಂತ ಕಡಿಮೆ. ಕಿಡಿ ಯಾಕೆ ಅಷ್ಟು ಬಡಕಲಾಗಿತ್ತು ಅಂತ ಆಗ ಅರ್ಥ ಆಯ್ತು.

ಸ್ವಿಚ್ ಬಿಚ್ಚಿದೆ. ಒಳಗಿರೋ ಸ್ಪ್ರಿಂಗ್ ಹಾರಿ ಹೋದ್ರೆ ಮತ್ತೆ ಸಿಗಲ್ಲ, ಅದಕ್ಕೆ ಒಂದು ಪ್ಲಾಸ್ಟಿಕ್ ಚೀಲದೊಳಗೇ ಬಿಚ್ಚಿದ್ದು. ನೋಡಿ ಈ ಹಿತ್ತಾಳೆ ಪಟ್ಟಿ, ಹಸಿರು ಕಿಲುಬು ಹಿಡಿದಿದೆ, ಮೇಲೆ ಹಳೇ ಗ್ರೀಸ್ ಒಣಗಿ ಅಂಟಂಟು. ತೊಳೆದು, ಉಜ್ಜಿ, ಹಿತ್ತಾಳೆ ಬಣ್ಣ ಬರೋವರೆಗೆ ಬಿಡಲಿಲ್ಲ. ಅರ್ಥ್ ಕೂರೋ ಜಾಗದ ಪೇಂಟನ್ನೂ ಕೆರೆದು ತೆಗೆದೆ.

ಮತ್ತೆ ಅಳತೆ. ಸ್ವಿಚ್ಚಲ್ಲಿ 0.1. ಅರ್ಥಲ್ಲೂ 0.1.

ಪ್ಲಗ್ ತಾಗಿಸಿ ಕಿಕ್ ಹೊಡೆದೆ. ನೀಲಿ! ಈ ಸಲ ಚಟ್ ಅಂತ ಶಬ್ದಾನೂ ಬಂತು, ಕೇಳಿಸ್ತಾ?

ಎರಡು ದಿನದ ಕಿಕ್ಕಿಗೆ ಸಿಲಿಂಡರ್ ತುಂಬ ಪೆಟ್ರೋಲ್ ಸೇರಿತ್ತು. ಟ್ಯಾಪ್ ಮುಚ್ಚಿ, ಕೀ ತೆಗೆದು, ಥ್ರಾಟಲ್ ಪೂರ್ತಿ ತೆರೆದು ಹತ್ತು ಸಲ ತುಳಿದು ಒಳಗೆ ಒಣಗಿಸಿದೆ. ಆಮೇಲೆ ಒಣಗಿದ ಪ್ಲಗ್ ಹಾಕಿ, ಟ್ಯಾಪ್ ತೆರೆದು, ಕೀ ತಿರುಗಿಸಿದೆ. ಮೂರನೇ ಕಿಕ್ಕಿಗೆ ಎದ್ದಿತು. ಈ ಶಬ್ದದ ಮೇಲೆ ನಾನು ಮಾತಾಡಲ್ಲ, ಸ್ವಲ್ಪ ಹೊತ್ತು ಕೇಳಿ.

ಇದೆಲ್ಲ ನಿನ್ನೆದು. ಇವತ್ತು ಬೆಳಿಗ್ಗೆ ಹೊಸ ಕಾಯಿಲ್ ಬಿಚ್ಚಿ, ಹೋಗಿದೆ ಅಂತ ಪಕ್ಕಕ್ಕಿಟ್ಟಿದ್ದ ಹಳೇ ಕಾಯಿಲನ್ನೇ ವಾಪಸ್ ಕೂರಿಸಿದೆ. ಐವತ್ತು ವರ್ಷದ ಹತ್ತಿರದ ಕಾಯಿಲ್. ಎರಡನೇ ಕಿಕ್ಕಿಗೆ ಸ್ಟಾರ್ಟ್.