ಹೆಸರಿಲ್ಲದ ಚಿತ್ರ, ಊರಿಲ್ಲದ ಪಾತ್ರೆ: ಅಟ್ಟದಲ್ಲಿ ಉಳಿದಿರುವ ಕರಾವಳಿಯ ಚರಿತ್ರೆ

[ದೃಶ್ಯ: ಫೆಬ್ರವರಿಯ ಒಂದು ಒಣ ಬೆಳಗು. ಉಡುಪಿಯ ಹತ್ತಿರದ ಹಂಚಿನ ಮನೆ. ಅಟ್ಟದಿಂದ ತಗಡಿನ ಟ್ರಂಕೊಂದನ್ನು ಇಬ್ಬರು ಹಿಡಿದು ಚಾವಡಿಗೆ ಇಳಿಸುತ್ತಾರೆ.]

ನಿರೂಪಣೆ:

ನಮಸ್ಕಾರ. ಈ ಟ್ರಂಕು ನಮ್ಮ ಮನೆಯದು. ಮಾಡಿನ ಪಕ್ಕಾಸು, ರೀಪುಗಳಿಗೆ ಹುಳ ಹಿಡಿದು, ಮಳೆಗಾಲಕ್ಕೆ ಮೊದಲು ಹಂಚು ಇಳಿಸಬೇಕಾಗಿ ಬಂದಾಗ ಇದು ಅಟ್ಟದ ಮೂಲೆಯಿಂದ ಹೊರಗೆ ಬಂತು. ಒಳಗೆ ಗೇಣಿ ಚೀಟಿಗಳು, ಮುಂಬಯಿಯಿಂದ ಬಂದ ಕಾಗದಗಳು, ಎರಡು ಪಾಸ್‌ಪುಸ್ತಕಗಳು, ಒಂದು ಕಂಚಿನ ಗಿಂಡಿ ಮತ್ತು ಮದುವೆ ಚಪ್ಪರದ ಮುಂದೆ ತೆಗೆದ ಒಂದು ಗುಂಪುಚಿತ್ರ ಇದ್ದವು. ಚಿತ್ರದಲ್ಲಿ ಹತ್ತೊಂಬತ್ತು ಮಂದಿ ಇದ್ದಾರೆ. ನನ್ನ ಅಮ್ಮನಿಗೆ ಗುರುತು ಸಿಕ್ಕಿದ್ದು ಆರು ಮಂದಿಯದು. ಅಜ್ಜಿ ಬದುಕಿದ್ದಿದ್ದರೆ ಹತ್ತೊಂಬತ್ತು ಹೆಸರುಗಳನ್ನೂ ಅವರವರ ಮನೆಯ ಹೆಸರಿನೊಂದಿಗೆ ಹೇಳುತ್ತಿದ್ದರು. ಅವರಿದ್ದಾಗ ನಾವು ಕೇಳಲಿಲ್ಲ.

ಊರಿನ ಚರಿತ್ರೆಯನ್ನು ಕಾಪಾಡುವುದೆಂದರೆ ವಸ್ತುವನ್ನು ಕಾಪಾಡುವುದು ಎಂದು ಸಾಮಾನ್ಯವಾಗಿ ಭಾವಿಸುತ್ತೇವೆ. ಆದರೆ ಯಾರದು, ಎಲ್ಲಿಯದು, ಯಾವ ಕಾಲದ್ದು ಎಂಬ ಮಾತು ಜೊತೆಗಿಲ್ಲದಿದ್ದರೆ ವಸ್ತು ಉಳಿದರೂ ಚರಿತ್ರೆ ಉಳಿಯುವುದಿಲ್ಲ. ಗೆದ್ದಲು, ಮಳೆ, ಗುಜರಿ ಇವು ಮೂರೂ ಸೇರಿ ಮಾಡುವಷ್ಟು ನಷ್ಟವನ್ನು ಬರೆಯದೆ ಉಳಿದ ಹೆಸರುಗಳೇ ಮಾಡುತ್ತವೆ ಎಂಬುದು ನನ್ನ ಅನುಭವ.

[ದೃಶ್ಯ: ಕರಾವಳಿಯ ನಕಾಶೆ. ಮಂಗಳೂರಿನಿಂದ ಚೆನ್ನೈಗೆ ಒಂದು ಗೆರೆ, ಸ್ವಿಟ್ಜರ್ಲೆಂಡಿನ ಬಾಸೆಲ್‌ಗೆ ಇನ್ನೊಂದು.]

ನಿರೂಪಣೆ:

ನಮ್ಮ ಜಿಲ್ಲೆಗಳ ದಾಖಲೆಗಳು ನಮ್ಮ ಜಿಲ್ಲೆಗಳಲ್ಲೇ ಇಲ್ಲದಿರುವುದಕ್ಕೆ ಕಾರಣವಿದೆ. 1799ರಲ್ಲಿ ಟಿಪ್ಪು ಸುಲ್ತಾನನ ಪತನವಾದ ಮೇಲೆ ಕೆನರಾ ಎಂದು ಕರೆಯುತ್ತಿದ್ದ ನಮ್ಮ ಕರಾವಳಿ ಪ್ರದೇಶ ಈಸ್ಟ್ ಇಂಡಿಯಾ ಕಂಪನಿಯ ಕೈಸೇರಿ ಮದ್ರಾಸಿನ ಆಡಳಿತಕ್ಕೆ ಒಳಪಟ್ಟಿತು. 1862ರಲ್ಲಿ ಉತ್ತರ ಕನ್ನಡ ಬೊಂಬಾಯಿ ಪ್ರಾಂತಕ್ಕೆ ಹೋಯಿತು. ದಕ್ಷಿಣ ಕನ್ನಡ ಮಾತ್ರ ಮದ್ರಾಸಿನೊಂದಿಗೇ ಉಳಿದು, 1956ರಲ್ಲಿ ಮೈಸೂರು ರಾಜ್ಯವನ್ನು ಸೇರಿತು. ಆದುದರಿಂದ ಒಂದೂವರೆ ಶತಮಾನಕ್ಕೂ ಹೆಚ್ಚಿನ ಕಾಲ ಇಲ್ಲಿನ ಕಲೆಕ್ಟರರು ಬರೆದ ವರದಿಗಳು ಹೋದದ್ದು ಮದ್ರಾಸಿಗೆ, ಮತ್ತು ಅವುಗಳನ್ನು ಹುಡುಕುವವರು ಇಂದಿಗೂ ಚೆನ್ನೈಯ ಎಗ್ಮೋರಿನಲ್ಲಿರುವ ತಮಿಳುನಾಡು ಪತ್ರಾಗಾರದ ಬಾಗಿಲು ತಟ್ಟಬೇಕು.

1834ರಲ್ಲಿ ಮಂಗಳೂರಿಗೆ ಬಂದ, ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆಯಾದ ಬಾಸೆಲ್ ಮಿಷನ್ನಿನವರ ಕಥೆಯೂ ಹೀಗೆಯೇ. 1843ರ ಜುಲೈ 1ರಂದು ಹರ್ಮನ್ ಮೋಗ್ಲಿಂಗ್ 'ಮಂಗಳೂರ ಸಮಾಚಾರ' ಪತ್ರಿಕೆಯನ್ನು ಕಲ್ಲಚ್ಚಿನಲ್ಲಿ ಹೊರತಂದದ್ದು ಇಲ್ಲಿ, 1894ರಲ್ಲಿ ಕಿಟೆಲ್ಲರ ನಿಘಂಟು ಪ್ರಕಟವಾದದ್ದು ಇಲ್ಲಿ. ಆದರೆ ಆ ಮಿಷನರಿಗಳ ಪತ್ರಗಳು, ವರದಿಗಳು ಮತ್ತು ಸಾವಿರಾರು ಛಾಯಾಚಿತ್ರಗಳು ಇರುವುದು ಬಾಸೆಲ್ ನಗರದಲ್ಲಿ. ಆ ಚಿತ್ರಗಳನ್ನು ಈಗ ಅಂತರ್ಜಾಲದಲ್ಲಿ ಎಲ್ಲರೂ ನೋಡಬಹುದು. ಇದಕ್ಕಾಗಿ ನಾವು ಕೃತಜ್ಞರಾಗಿರಬೇಕು. ಮಗ್ಗದ ಮುಂದೆ ಕುಳಿತವರು, ಹಂಚು ಒಣಗಿಸುವವರು, ಶಾಲೆಯ ಮಕ್ಕಳು ಅಲ್ಲಿದ್ದಾರೆ. ಮಿಷನರಿಯ ಹೆಸರು ಹೆಚ್ಚಾಗಿ ದಾಖಲಾಗಿರುತ್ತದೆ; ಮಗ್ಗದ ಮುಂದೆ ಕುಳಿತವರ ಹೆಸರು ಬಹಳ ಸಲ ಇರುವುದಿಲ್ಲ. ನೂರಕ್ಕೂ ಹೆಚ್ಚು ವರ್ಷ ಚೆನ್ನಾಗಿ ಉಳಿದ ಚಿತ್ರವೂ ಈ ಒಂದು ಪ್ರಶ್ನೆಯ ಮುಂದೆ ಮೌನವಾಗುತ್ತದೆ.

ಮನೆಯ ಟ್ರಂಕು ಮುಖ್ಯವಾಗುವುದು ಈ ಕಾರಣಕ್ಕೆ.

[ದೃಶ್ಯ: ಮೇಜಿನ ಮೇಲೆ ಹರಡಿದ ಕಾಗದಗಳು. ಒಂದೊಂದರ ವಿಳಾಸದ ಸಾಲನ್ನು ಕ್ಯಾಮೆರಾ ಹತ್ತಿರದಿಂದ ತೋರಿಸುತ್ತದೆ.]

ನಿರೂಪಣೆ:

ತಾರೀಕಿಲ್ಲದ ಕಾಗದವನ್ನು ಕಂಡು ಕೈಚೆಲ್ಲಬೇಕಾಗಿಲ್ಲ. ವಿಳಾಸವೇ ಕಾಲವನ್ನು ಹೇಳುತ್ತದೆ. 'ಸೌತ್ ಕೆನರಾ, ಮದ್ರಾಸ್' ಎಂದಿದ್ದರೆ ಅದು ಬಹುಮಟ್ಟಿಗೆ 1956ಕ್ಕಿಂತ ಹಿಂದಿನದು. 'ಮೈಸೂರು ರಾಜ್ಯ' ಎಂದಿದ್ದರೆ 1956ಕ್ಕೂ 1973ಕ್ಕೂ ನಡುವಿನದು, ಏಕೆಂದರೆ 1973ರ ನವೆಂಬರ್ 1ರಂದು ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರು ಬಂತು. ಆರು ಅಂಕೆಗಳ ಪಿನ್‌ಕೋಡ್ 1972ರ ಆಗಸ್ಟ್ 15ರಿಂದ ಬಳಕೆಗೆ ಬಂದುದರಿಂದ, ಅದಿರುವ ಲಕೋಟೆ ಅದಕ್ಕಿಂತ ಈಚಿನದು. 'ಉಡುಪಿ ಜಿಲ್ಲೆ' ಎಂಬ ಮಾತು 1997ಕ್ಕೆ ಮೊದಲು ಇರಲು ಸಾಧ್ಯವೇ ಇಲ್ಲ. ಮದುವೆಯ ಖರ್ಚಿನ ಪಟ್ಟಿಯಲ್ಲಿ ಆಣೆ ಪೈಗಳ ಲೆಕ್ಕವಿದ್ದರೆ, ದಶಮಾಂಶ ನಾಣ್ಯ ಬಂದ 1957ರ ಆಸುಪಾಸಿಗೆ ಅಥವಾ ಅದಕ್ಕೂ ಹಿಂದಕ್ಕೆ ಹೋಗಬಹುದು. ಹಿರಿಯರು ಕೆಲವು ವರ್ಷ ಹಳೆಯ ಲೆಕ್ಕವನ್ನೇ ಮುಂದುವರಿಸಿದ್ದರು ಎಂಬ ಎಚ್ಚರ ಮಾತ್ರ ಇರಲಿ.

ಪಾಸ್‌ಪುಸ್ತಕಗಳನ್ನು ಎಸೆಯಬೇಡಿ. ಕಾರ್ಪೊರೇಷನ್ ಬ್ಯಾಂಕ್ 1906ರಲ್ಲಿ ಉಡುಪಿಯಲ್ಲಿ, ಸಿಂಡಿಕೇಟ್ ಬ್ಯಾಂಕ್ 1925ರಲ್ಲಿ ಉಡುಪಿಯಲ್ಲಿ, ವಿಜಯಾ ಬ್ಯಾಂಕ್ 1931ರಲ್ಲಿ ಮಂಗಳೂರಿನಲ್ಲಿ ಹುಟ್ಟಿದವು. 2019 ಮತ್ತು 2020ರಲ್ಲಿ ನಡೆದ ವಿಲೀನಗಳಿಂದ ಈ ಮೂರೂ ಹೆಸರುಗಳು ಫಲಕಗಳಿಂದ ಮಾಯವಾದವು. ಸಿಂಡಿಕೇಟ್ ಬ್ಯಾಂಕಿನಲ್ಲಿ 1928ರಲ್ಲಿ ಆರಂಭವಾದ ಪಿಗ್ಮಿ ಠೇವಣಿಯಲ್ಲಿ ದಿನಕ್ಕೆ ಎರಡಾಣೆಯಂತೆ ಉಳಿಸಿದವರು ಅಂಗಡಿಯವರು, ನೇಕಾರರು, ಕೂಲಿಯವರು. ಬ್ಯಾಂಕಿನ ಚರಿತ್ರೆಯನ್ನು ಬ್ಯಾಂಕು ಬರೆದುಕೊಂಡಿದೆ. ಆ ಎರಡಾಣೆಯ ಚರಿತ್ರೆ ಹಳೆಯ ಪಿಗ್ಮಿ ಕಾರ್ಡುಗಳಲ್ಲಷ್ಟೇ ಇದೆ. ಬೀಡಿ ಕಟ್ಟಿದ ತಾಯಂದಿರ ಪಾಸ್‌ಬುಕ್ಕುಗಳ ವಿಷಯದಲ್ಲಿಯೂ ಇದೇ ಮಾತು. ಬೀಡಿ ಕಂಪನಿಯ ಬ್ರಾಂಚಿಗೆ ಕೊಟ್ಟ ಬೀಡಿಯ ಲೆಕ್ಕ, ಪಡೆದ ಎಲೆ ಮತ್ತು ಹೊಗೆಸೊಪ್ಪು, ಕೈಗೆ ಬಂದ ಮಜೂರಿ ಇವೆಲ್ಲ ಸೇರಿ ಒಂದು ಮನೆ ಹೇಗೆ ನಡೆಯಿತು, ಯಾರ ದುಡಿಮೆಯಿಂದ ಮಕ್ಕಳು ಶಾಲೆಗೆ ಹೋದರು ಎಂಬುದನ್ನು ತೋರಿಸುತ್ತವೆ.

ಇವೆಲ್ಲಕ್ಕಿಂತ ದೊಡ್ಡ ದಾಖಲೆ, ನನ್ನ ದೃಷ್ಟಿಯಲ್ಲಿ, ನಮ್ಮವರು 'ಡಿಕ್ಲರೇಶನ್' ಎಂದು ಕರೆಯುವ ಕಾಗದ. 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂಸುಧಾರಣಾ ತಿದ್ದುಪಡಿಯ ಪ್ರಕಾರ, ಗೇಣಿಗೆ ಗದ್ದೆ ಮಾಡುತ್ತಿದ್ದ ಒಕ್ಕಲುಗಳು 7ನೇ ನಮೂನೆಯಲ್ಲಿ ಅರ್ಜಿ ಸಲ್ಲಿಸಿದರು ಮತ್ತು ಭೂನ್ಯಾಯ ಮಂಡಳಿಗಳು ಅವುಗಳನ್ನು ವಿಚಾರಣೆ ಮಾಡಿದವು. ಅದಕ್ಕೆ ಮೊದಲು ಸರಕಾರಿ ಪುಸ್ತಕಗಳಲ್ಲಿ ಎದ್ದು ಕಾಣುತ್ತಿದ್ದದ್ದು ವರ್ಗದಾರರ, ಅಂದರೆ ಭೂಮಾಲಿಕರ, ಹೆಸರು. ಮಣ್ಣಿಗಿಳಿದು ನಾಟಿ ಮಾಡಿದ ಎಷ್ಟೋ ಚಾಲಗೇಣಿದಾರರ (ಕಾಯಂ ಹಕ್ಕಿಲ್ಲದ ಗೇಣಿದಾರರ) ಹೆಸರು, ಅವರು ಮಾಡುತ್ತಿದ್ದ ಗದ್ದೆಯ ಸರ್ವೆ ನಂಬರಿನೊಂದಿಗೆ, ಮೊದಲ ಬಾರಿಗೆ ಕಾಗದದ ಮೇಲೆ ಹಕ್ಕಿನ ರೂಪದಲ್ಲಿ ಬಂದದ್ದು ಈ ಅರ್ಜಿಗಳಲ್ಲಿ. ಭೂಮಿ ಕಳೆದುಕೊಂಡವರ ಮನೆಯಲ್ಲಿಯೂ ಪಡೆದವರ ಮನೆಯಲ್ಲಿಯೂ ಇದು ನೋವಿನ ನೆನಪಾಗಿರಬಹುದು. ಆದರೂ ಎರಡೂ ಕಡೆಯ ಕಾಗದಗಳು ಉಳಿಯಬೇಕು, ಏಕೆಂದರೆ ಒಂದು ಕಡೆಯ ಕಾಗದದಿಂದ ಊರಿನ ಕಥೆ ಪೂರ್ತಿಯಾಗುವುದಿಲ್ಲ.

[ದೃಶ್ಯ: ಇಳಿಸಿಟ್ಟ ಹಂಚುಗಳ ರಾಶಿ. ಒಂದು ಹಂಚಿನ ಬೆನ್ನನ್ನು ಒದ್ದೆ ಬಟ್ಟೆಯಿಂದ ಒರೆಸುತ್ತಾರೆ.]

ನಿರೂಪಣೆ:

ಈ ಹಂಚಿನ ಬೆನ್ನಿನ ಮೇಲೆ ಬಾಸೆಲ್ ಮಿಷನ್ನಿನ ಹೆಸರೂ 1865 ಎಂಬ ಅಂಕೆಯೂ ಇವೆ. 'ನಮ್ಮ ಮನೆ 1865ರದ್ದು' ಎಂದು ಅನೇಕರು ಹೇಳುವುದನ್ನು ಕೇಳಿದ್ದೇನೆ. ಆದರೆ ಅದು ಜೆಪ್ಪುವಿನ ಹಂಚಿನ ಕಾರ್ಖಾನೆ ಆರಂಭವಾದ ವರ್ಷ. ಹಂಚು ಬೆಂದ ವರ್ಷವಲ್ಲ, ಮನೆ ಕಟ್ಟಿದ ವರ್ಷವಂತೂ ಅಲ್ಲ. ಮೊದಲನೆಯ ಮಹಾಯುದ್ಧದ ಸಮಯದಲ್ಲಿ ಮಿಷನ್ನಿನ ಕಾರ್ಖಾನೆಗಳು ಬ್ರಿಟಿಷ್ ಸರಕಾರದ ವಶವಾಗಿ, ಅನಂತರ ಕಾಮನ್‌ವೆಲ್ತ್ ಟ್ರಸ್ಟಿನ ಕೈಗೆ ಹೋದವು. ಆದ್ದರಿಂದ ಮಿಷನ್ನಿನ ಹೆಸರಿರುವ ಹಂಚು ಬಹುಮಟ್ಟಿಗೆ 1865ಕ್ಕೂ ಆ ಯುದ್ಧಕಾಲಕ್ಕೂ ನಡುವಿನದು ಎಂದಷ್ಟೇ ಹೇಳಬಹುದು. ಒಂದೇ ಮಾಡಿನಲ್ಲಿ ನಾಲ್ಕು ಕಾರ್ಖಾನೆಗಳ ಹಂಚು ಸಿಕ್ಕರೆ, ಆ ಮಾಡಿಗೆ ಎಷ್ಟು ಸಲ ಕೈಯಾಡಿಸಿದ್ದಾರೆಂಬ ಸುಳಿವೂ ಸಿಗುತ್ತದೆ. ಹಂಚನ್ನು ಮಾರುವ ಮೊದಲು ಪ್ರತಿ ಬಗೆಯ ಒಂದೊಂದನ್ನು ಎತ್ತಿಟ್ಟು, ಮನೆಯ ಯಾವ ಭಾಗದ್ದೆಂದು ಬರೆದಿಡಿ.

ಕಂಚು ಹಿತ್ತಾಳೆಯ ಪಾತ್ರೆಗಳಲ್ಲಿ ಹೆಸರು ಕೊರೆಸುವ ಪದ್ಧತಿ ನಮ್ಮಲ್ಲಿ ಬಹಳ ಇತ್ತು: ಮನೆಯ ಹೆಸರು, ಮದುವೆಗೆ ಉಡುಗೊರೆ ಕೊಟ್ಟವರ ಹೆಸರು, ಕೆಲವೊಮ್ಮೆ ಇಸವಿ. ಹುಣಸೆಹುಳಿ ಹಚ್ಚಿ ತಿಕ್ಕಿ ತಿಕ್ಕಿ ಆ ಅಕ್ಷರಗಳು ಸವೆದಿರುತ್ತವೆ. ಕೋಣೆಯನ್ನು ಕತ್ತಲೆ ಮಾಡಿ, ಟಾರ್ಚನ್ನು ಪಕ್ಕದಿಂದ ಓರೆಯಾಗಿ ಹಿಡಿದರೆ ಅಳಿದ ಅಕ್ಷರವೂ ನೆರಳಿನಲ್ಲಿ ಏಳುತ್ತದೆ. ಆಗ ಚಿತ್ರ ತೆಗೆಯಬೇಕು. ಮೇಲೆ ತೆಳು ಕಾಗದವಿಟ್ಟು ಸೀಸದಕಡ್ಡಿಯನ್ನು ಹಗುರವಾಗಿ ಉಜ್ಜಿ ಅಚ್ಚು ತೆಗೆಯಲೂಬಹುದು. ಹೊಳಪಿಗಾಗಿ ಮತ್ತೆ ತಿಕ್ಕಬೇಡಿ.

ಭತ್ತ, ಅಕ್ಕಿ ಅಳೆಯುವ ಕಳಸೆ, ಪಾವು, ಸೇರು, ಅಕ್ಕಿ ಕಟ್ಟಿಡುವ ಮುಡಿ, ಭತ್ತ ತುಂಬುವ ಪತ್ತಾಯ, ಮಳೆಗೆ ಹೊದೆಯುವ ಗೊರಬೆ, ಹಾಳೆಯ ಟೋಪಿಯಾದ ಮುಟ್ಟಾಳೆ, ಆಟದ ಚೆನ್ನೆಮಣೆ: ಇಂಥ ವಸ್ತುಗಳಿಗೆ ಬರೆಯುವ ಚೀಟಿಯಲ್ಲಿ 'ಹಳೆಯ ಅಳತೆಯ ಪಾತ್ರೆ' ಎಂದಷ್ಟೇ ಇದ್ದರೆ ಏನೂ ಹೇಳಿದಂತಾಗುವುದಿಲ್ಲ. ಈ ಕಳಸೆಯಲ್ಲಿ ಯಾರ ಮನೆಯ ಗೇಣಿಭತ್ತ ಅಳೆದರು, ಅಳೆಯುವಾಗ ತುಳುವಿನಲ್ಲಿ ಹೇಗೆ ಎಣಿಸುತ್ತಿದ್ದರು, ತುಂಬಿ ತುಳುಕಿದ್ದು ಯಾರ ಪಾಲಾಗುತ್ತಿತ್ತು ಎಂಬುದು ಬೇಕು. ಬಳಸಿದವರ ಮಾತನ್ನು ಅವರದೇ ನುಡಿಯಲ್ಲಿ, ತುಳುವಾಗಲಿ ಕೊಂಕಣಿಯಾಗಲಿ ಬ್ಯಾರಿಯಾಗಲಿ ಕುಂದಗನ್ನಡವಾಗಲಿ, ಫೋನಿನಲ್ಲಿಯೇ ಧ್ವನಿಮುದ್ರಿಸಿ. ಶಿಷ್ಟ ಕನ್ನಡಕ್ಕೆ ತಿದ್ದಿ ಬರೆಯಬೇಡಿ, ಏಕೆಂದರೆ ವಸ್ತುವಿನ ಒಂದೊಂದು ಭಾಗದ ಹೆಸರು ಇರುವುದು ಆ ನುಡಿಯಲ್ಲೇ.

[ದೃಶ್ಯ: ಅಂಟಿನ ಆಲ್ಬಮ್. ಪುಟಕ್ಕೆ ಹತ್ತಿಕೊಂಡು ಹಳದಿಯಾದ ಚಿತ್ರಗಳು.]

ನಿರೂಪಣೆ:

ಇನ್ನು ಛಾಯಾಚಿತ್ರಗಳು. ಅಂಟುಪುಟದ ಮೇಲೆ ಪ್ಲಾಸ್ಟಿಕ್ ಹಾಳೆ ಮುಚ್ಚುವ ಆಲ್ಬಮ್‌ಗಳು ನಮ್ಮ ಸೆಕೆ ಮತ್ತು ತೇವಕ್ಕೆ ಬಹಳ ಕೆಟ್ಟವು. ಲ್ಯಾಮಿನೇಷನ್ ಅದಕ್ಕಿಂತಲೂ ಕೆಟ್ಟದು: ಬಿಸಿಯಿಂದ ಹತ್ತಿಸಿದ ಪ್ಲಾಸ್ಟಿಕ್ಕನ್ನು ಮತ್ತೆ ಬಿಡಿಸಲಾಗುವುದಿಲ್ಲ. ಹರಿದ ಕಡೆ ಸೆಲ್ಲೋಟೇಪು ಬೇಡ. ಚೌಕಟ್ಟಿನ ಗಾಜಿಗೆ ಅಂಟಿಕೊಂಡ ಚಿತ್ರವನ್ನು ಎಳೆಯಬೇಡಿ, ಗಾಜಿನ ಸಮೇತವೇ ಪ್ರತಿ ತೆಗೆಯಿರಿ. ಹಳೆಯ ನೆಗೆಟಿವ್‌ಗಳ ಡಬ್ಬಿಯಿಂದ ವಿನೆಗರ್ ವಾಸನೆ ಬಂದರೆ ಅವು ಕೆಡಲು ಆರಂಭಿಸಿವೆ ಎಂದರ್ಥ. ಅವುಗಳನ್ನು ಉಳಿದವುಗಳಿಂದ ಬೇರೆ ಇರಿಸಿ, ಮೊದಲು ಸ್ಕ್ಯಾನ್ ಮಾಡಬೇಕಾದವು ಅವೇ.

ಟ್ರಂಕು ತೆರೆಯುವ ಕೆಲಸವನ್ನು ಜೂನ್‌ನಿಂದ ಸೆಪ್ಟೆಂಬರಿನವರೆಗಿನ ಮಳೆಯಲ್ಲಿ ಇಟ್ಟುಕೊಳ್ಳಬೇಡಿ. ಜನವರಿ, ಫೆಬ್ರವರಿಯ ಒಣ ದಿನಗಳು ಒಳ್ಳೆಯವು. ನೆರಳಿನಲ್ಲಿ ಗಾಳಿಯಾಡಲಿ, ನೇರ ಬಿಸಿಲು ಬೇಡ. ಸಣ್ಣ ಚಿತ್ರಗಳನ್ನು ಕನಿಷ್ಠ 600 ಡಿಪಿಐ ಪ್ರಮಾಣದಲ್ಲಿ, ಹಿಂಬದಿಯನ್ನೂ ಸೇರಿಸಿ ಸ್ಕ್ಯಾನ್ ಮಾಡಿ, ಟಿಫ್ ಕಡತವಾಗಿ ಉಳಿಸಿ. ಹಿಂಬದಿಯಲ್ಲಿ ಸ್ಟುಡಿಯೋದ ಮೊಹರು, ಯಾರೋ ಗೀಚಿದ ಒಂದು ಸಾಲು ಸಿಗಬಹುದು. ಮೂರು ಪ್ರತಿಗಳಿರಲಿ, ಅವುಗಳಲ್ಲಿ ಒಂದು ಬೇರೆ ಊರಿನ ನೆಂಟರ ಮನೆಯಲ್ಲಿರಲಿ. ವಾಟ್ಸಾಪಿನಲ್ಲಿ ಚಿತ್ರವಾಗಿ ಕಳಿಸಿದ ಪ್ರತಿ ಕುಗ್ಗಿರುತ್ತದೆ; ಅದನ್ನು ಮೂಲವೆಂದು ಉಳಿಸಿಕೊಳ್ಳಬೇಡಿ.

ಹೆಸರನ್ನು ಚಿತ್ರದ ಮುಖದ ಮೇಲೆ ಪೆನ್ನಿನಿಂದ ಬರೆಯಬಾರದು. ಚಿತ್ರದ ಪ್ರತಿಯೊಂದರಲ್ಲಿ ಒಬ್ಬೊಬ್ಬರಿಗೂ ಅಂಕೆ ಕೊಟ್ಟು, ಬೇರೆ ಹಾಳೆಯಲ್ಲಿ ಅಂಕೆಯ ಮುಂದೆ ಹೆಸರು, ಮನೆ, ಊರು ಬರೆಯಿರಿ. ಯಾರು ಗುರುತಿಸಿದರು, ಯಾವ ದಿನ ಎಂಬುದನ್ನೂ ಬರೆಯಿರಿ, ಏಕೆಂದರೆ ನಾಳೆ ಇನ್ನೊಬ್ಬರು ಬೇರೆ ಹೆಸರು ಹೇಳಬಹುದು.

ಮನೆಯಲ್ಲಿ ಇಟ್ಟುಕೊಳ್ಳಲಾಗದವರಿಗೆ ದಾರಿಗಳಿವೆ. ಬಂಟ್ವಾಳದಲ್ಲಿ ಪ್ರೊಫೆಸರ್ ತುಕಾರಾಮ ಪೂಜಾರಿಯವರು ಕಟ್ಟಿದ ರಾಣಿ ಅಬ್ಬಕ್ಕ ತುಳು ಅಧ್ಯಯನ ಕೇಂದ್ರದ ಸಂಗ್ರಹ ಇಂಥ ದಿನಬಳಕೆಯ ವಸ್ತುಗಳಿಗೇ ಮೀಸಲಾದದ್ದು. ಉಡುಪಿಯ ಎಂ.ಜಿ.ಎಂ. ಕಾಲೇಜಿನ ಆವರಣದಲ್ಲಿ ಗೋವಿಂದ ಪೈ ಸಂಶೋಧನ ಕೇಂದ್ರವಿದೆ. ಮಣಿಪಾಲದಲ್ಲಿ ವಿಜಯನಾಥ ಶೆಣೈಯವರು ಹಳೆಯ ಮನೆಗಳನ್ನೇ ಬಿಡಿಸಿ ತಂದು ಮತ್ತೆ ನಿಲ್ಲಿಸಿದರು. ಕೊಡುವಾಗ ಚೀಟಿಯನ್ನೂ ಧ್ವನಿಮುದ್ರಣವನ್ನೂ ಜೊತೆಗೆ ಕೊಡಿ, ಮತ್ತು ಕೊಟ್ಟದ್ದಕ್ಕೆ ಬರಹದಲ್ಲಿ ರಸೀದಿ ಪಡೆಯಿರಿ. ಬದುಕಿರುವವರ ಆಸ್ತಿಯ ಕಾಗದಗಳನ್ನಾಗಲಿ ಮನೆಯ ಜಗಳದ ಪತ್ರಗಳನ್ನಾಗಲಿ ಅವರನ್ನು ಕೇಳದೆ ಯಾರಿಗೂ ತೋರಿಸಬೇಡಿ.

[ದೃಶ್ಯ: ಮದುವೆಯ ಗುಂಪುಚಿತ್ರ. ಒಬ್ಬೊಬ್ಬರ ಮೇಲೆ ಅಂಕೆ ಮೂಡುತ್ತದೆ.]

ನಿರೂಪಣೆ:

ನಮ್ಮ ಮನೆಯ ಚಿತ್ರದ ದೊಡ್ಡ ಪ್ರತಿಯೊಂದನ್ನು ಕಾಪುವಿನಲ್ಲಿರುವ ದೊಡ್ಡಮ್ಮನ ಬಳಿಗೆ ಒಯ್ದೆವು. ಕನ್ನಡಕ ಹಾಕಿಕೊಂಡು, ಬೆರಳಿಟ್ಟು, ಒಂದು ಮಧ್ಯಾಹ್ನದಲ್ಲಿ ಅವರು ಇನ್ನೂ ಹನ್ನೆರಡು ಹೆಸರುಗಳನ್ನು ಹೇಳಿದರು. ಒಬ್ಬರನ್ನು ಮುಖದಿಂದಲ್ಲ, ಕಿವಿಯ ಬುಗುಡಿಯಿಂದ ಗುರುತಿಸಿದರು. ಉಳಿದವರು ಒಬ್ಬರು: ಎಡ ತುದಿಯಲ್ಲಿ, ಉಳಿದವರಿಗಿಂತ ಒಂದು ಹೆಜ್ಜೆ ಹಿಂದೆ, ಮಗುವನ್ನೆತ್ತಿಕೊಂಡು ನಿಂತ ಹೆಂಗಸು. ಮಗು ಯಾರೆಂದು ದೊಡ್ಡಮ್ಮನಿಗೆ ಕೂಡಲೇ ತಿಳಿಯಿತು. ಎತ್ತಿಕೊಂಡವರ ಹೆಸರು ನೆನಪಾಗಲಿಲ್ಲ.

ಹಾಳೆಯಲ್ಲಿ ಹತ್ತೊಂಬತ್ತನೆಯ ಅಂಕೆಯ ಮುಂದೆ ನಾವು ಹೀಗೆ ಬರೆದಿದ್ದೇವೆ: 'ಹೆಸರು ತಿಳಿದಿಲ್ಲ. ಮಗುವನ್ನು ನೋಡಿಕೊಳ್ಳುತ್ತಿದ್ದವರು. ಹೊಳೆಯಾಚೆಯಿಂದ ಬರುತ್ತಿದ್ದರು ಎಂದು ದೊಡ್ಡಮ್ಮ ಹೇಳಿದರು.' ಹೊಳೆಯಾಚೆಯ ಮನೆಗಳಿಗೆ ಈ ಚಿತ್ರವನ್ನು ಇನ್ನೂ ಒಯ್ಯಬೇಕಾಗಿದೆ.

[ದೃಶ್ಯ: ಹಾಳೆಯನ್ನು ಚಿತ್ರದ ಲಕೋಟೆಯೊಳಗೆ ಇಡುತ್ತಾರೆ.]