ಮೂರು ಮೀಟರ್ ಕಂದಕ, ಆಜ್ಞೆ ಮೀರಿದ ಜನರಲ್: 1938ರ ಖಾಸನ್ ಸರೋವರದ ಕಾಳಗ

ನಮಸ್ಕಾರ. 1938ರ ಜುಲೈ ಕೊನೆಯಿಂದ ಆಗಸ್ಟ್ 11ರವರೆಗೆ ಸೋವಿಯತ್ ಒಕ್ಕೂಟಕ್ಕೂ ಜಪಾನಿಗೂ ಒಂದು ಗುಡ್ಡಕ್ಕಾಗಿ ಕಾಳಗ ನಡೆಯಿತು. ಗುಡ್ಡದ ಎತ್ತರ ಸುಮಾರು 150 ಮೀಟರ್, ಅಷ್ಟೇ. ಹೆಸರು ಚಾಂಗ್‌ಕುಫೆಂಗ್. ಹತ್ತಿರದ ಸರೋವರದ ಹೆಸರು ಖಾಸನ್. ಇದರ ಬಗ್ಗೆ ಮಾತಾಡುವವರು "ಸೋವಿಯತ್ ಗೆದ್ದಿತು, ಜಪಾನ್ ಹಿಂದೆ ಸರಿಯಿತು" ಅಂತ ಒಂದೇ ಸಾಲಿನಲ್ಲಿ ಮುಗಿಸ್ತಾರೆ. ಅದು ನನಗೆ ಸಾಲದು. ಗುಂಡಿನ ಸದ್ದು ನಿಂತ ಮೇಲೆ ಯಾರಿಗೆ ಶಿಕ್ಷೆಯಾಯಿತು, ಯಾರನ್ನು ಸುಮ್ಮನೆ ಬಿಟ್ಟರು ಅನ್ನೋದನ್ನು ನೋಡಬೇಕು. ಮರುವರ್ಷದ ದೊಡ್ಡ ಯುದ್ಧಕ್ಕೆ ದಾರಿಯಾದದ್ದು ಅದೇ ಅಂತ ನನ್ನ ವಾದ.

ಮೊದಲು ಜಾಗ. ಕೊರಿಯಾ, ಮಂಚೂರಿಯಾ (ಆಗ ಇದೂ ಜಪಾನಿನ ಹಿಡಿತದಲ್ಲಿತ್ತು), ರಷ್ಯಾ ಮೂರೂ ಕೂಡುವ ಮೂಲೆ. ಪಶ್ಚಿಮಕ್ಕೆ ತುಮೆನ್ ನದಿ, ಪೂರ್ವಕ್ಕೆ ಖಾಸನ್ ಸರೋವರ, ನಡುವೆ ಈ ಗುಡ್ಡಸಾಲು. ಮೇಲೆ ಹತ್ತಿ ನಿಂತರೆ ಒಂದು ಕಡೆ ಜಪಾನಿಯರ ಹಿಡಿತದಲ್ಲಿದ್ದ ಕೊರಿಯಾ, ಇನ್ನೊಂದು ಕಡೆ ರಷ್ಯಾದ ಪೋಸ್ಯೆಟ್ ಕೊಲ್ಲಿಯ ದಿಕ್ಕು. ರಷ್ಯಾ ಮತ್ತು ಚೀನಾ ಮಾಡಿಕೊಂಡಿದ್ದ 1886ರ ಹುಂಚುನ್ ಗಡಿ ಒಪ್ಪಂದದ ನಕ್ಷೆ ಹಿಡಿದು ಸೋವಿಯತ್‌ನವರು ಗಡಿ ಗುಡ್ಡದ ನೆತ್ತಿಯ ಮೇಲೆ ಅಂದರು. ಜಪಾನಿಯರು ಗಡಿ ಸರೋವರದ ಆಚೆ ಪೂರ್ವಕ್ಕಿದೆ ಅಂದರು. ಜುಲೈ ಮೊದಲ ಭಾಗದಲ್ಲಿ ಸೋವಿಯತ್ ಗಡಿ ಕಾವಲುಗಾರರು ಗುಡ್ಡ ಹತ್ತಿ ಕಂದಕ ತೋಡಲು ಶುರು ಮಾಡಿದರು.

ಜಪಾನಿನ ಪರವಾಗಿ ಅಲ್ಲಿದ್ದದ್ದು ಕೊರಿಯಾ ಸೇನೆಯ (ಕೊರಿಯಾದಲ್ಲಿ ಬೀಡುಬಿಟ್ಟಿದ್ದ ಜಪಾನಿ ಸೇನೆ) 19ನೇ ಡಿವಿಷನ್, ಅದರ ಮುಖ್ಯಸ್ಥ ಸುಯೆತಾಕಾ. ಟೋಕಿಯೋದ ಸೇನಾ ಕಚೇರಿಯಲ್ಲೂ ಕೆಲವರಿಗೆ ಆಸೆ ಇತ್ತು: ಚೀನಾದಲ್ಲಿ ವುಹಾನ್ ದಾಳಿ ಮುಂದಿದೆ, ಅದಕ್ಕೆ ಮೊದಲು ಸೋವಿಯತ್ ಕೈ ಹಾಕುತ್ತೋ ಇಲ್ಲವೋ ಅಂತ ಇಲ್ಲಿ ತಟ್ಟಿ ನೋಡೋಣ ಅಂತ. ಜುಲೈ 20ರಂದು ಯುದ್ಧಮಂತ್ರಿ ಇತಾಗಾಕಿ ಅನುಮತಿ ಕೇಳಲು ಚಕ್ರವರ್ತಿಯ ಬಳಿ ಹೋದ. ಚಕ್ರವರ್ತಿ ಒಪ್ಪಲಿಲ್ಲ. ಸೈನ್ಯ ವಾಪಸ್ ಬರಲಿ ಅಂತ ಆದೇಶವೂ ಹೋಯಿತು.

ಇಲ್ಲಿ ಸುಯೆತಾಕಾ ಮಾಡಿದ್ದನ್ನು ಗಮನಿಸಿ. ಜುಲೈ 29ರಂದು ಚಾಂಗ್‌ಕುಫೆಂಗ್‌ನಿಂದ ಉತ್ತರಕ್ಕೆ ಸುಮಾರು ಎರಡು ಕಿಲೋಮೀಟರ್ ದೂರದ ಇನ್ನೊಂದು ದಿಬ್ಬದಲ್ಲಿ ಸೋವಿಯತ್ ಸೈನಿಕರು ಕಾಣಿಸಿಕೊಂಡರು. ಬೇಡ ಅಂದದ್ದು ಚಾಂಗ್‌ಕುಫೆಂಗ್ ವಿಷಯಕ್ಕೆ, ಇದು ಬೇರೆಯೇ ಪ್ರಕರಣ ಅಂತ ಅವನು ವಾದ ಹೂಡಿದ. ಜುಲೈ 31ರ ಬೆಳಗಿನ ಜಾವದ ಕತ್ತಲಲ್ಲಿ ಕರ್ನಲ್ ಸಾಟೋ ಕೊಟೊಕು ಅವರ 75ನೇ ರೆಜಿಮೆಂಟ್ ದಾಳಿ ಮಾಡಿತು. ಬೆಳಕು ಹರಿಯುವಷ್ಟರಲ್ಲಿ ಎರಡೂ ಗುಡ್ಡ ಅವರ ಕೈಯಲ್ಲಿ. ಟೋಕಿಯೋ ಏನು ಮಾಡಿತು? ಆದದ್ದು ಆಯಿತು, ಅಲ್ಲೇ ನಿಲ್ಲಿ, ಮುಂದೆ ಹೋಗಬೇಡಿ, ವಿಮಾನ ಬಳಸಬೇಡಿ ಅಂತು. ಅಂದರೆ ಆಜ್ಞೆ ಮೀರಿದ್ದಕ್ಕೆ ಒಪ್ಪಿಗೆಯ ಮುದ್ರೆ. (ಈ ಸಾಟೋ ನಮಗೂ ಸಂಬಂಧಪಟ್ಟವನೇ. 1944ರಲ್ಲಿ ಕೊಹಿಮಾಕ್ಕೆ ಬಂದ 31ನೇ ಡಿವಿಷನ್ನಿನ ಮುಖ್ಯಸ್ಥ ಇವನೇ. ಅಲ್ಲಿ ಊಟವಿಲ್ಲ, ಮದ್ದುಗುಂಡಿಲ್ಲ ಅಂತ ಮೇಲಿನವರ ಮಾತು ಮೀರಿ ಸೈನ್ಯವನ್ನು ಹಿಂದಕ್ಕೆ ಕರೆದುಕೊಂಡು ಹೋದ.)

ಈಗ ಸೋವಿಯತ್ ಕಡೆಗೆ ಬರೋಣ. ಗುಡ್ಡದ ಬೆನ್ನಿಗೇ ಸರೋವರ ಇರೋದರಿಂದ ಮೇಲೆ ಹೋಗಲು ಎರಡೇ ದಾರಿ: ಸರೋವರದ ಉತ್ತರದ ತುದಿಯ ಇಕ್ಕಟ್ಟು ಪಟ್ಟಿ, ದಕ್ಷಿಣದ ತುದಿಯ ಇಕ್ಕಟ್ಟು ಪಟ್ಟಿ. ಸುತ್ತಲೂ ಜೌಗು, ಮೇಲೆ ಮಳೆ. ಗಡಿ ದಾಟಬೇಡಿ ಅಂತ ಮೇಲಿನಿಂದ ಆಜ್ಞೆ ಇದ್ದುದರಿಂದ ಬಳಸಿ ಹೋಗುವ ಹಾಗೂ ಇಲ್ಲ. ಟ್ಯಾಂಕುಗಳು ಒಂದರ ಹಿಂದೆ ಒಂದು ಸಾಲಾಗಿ ಬಂದರೆ ಎದುರಿನ ಟ್ಯಾಂಕ್ ನಿರೋಧಕ ಫಿರಂಗಿಗೆ ಕೆಲಸ ಸುಲಭ. ಆಗಸ್ಟ್ 2 ಮತ್ತು 3ರಂದು, ದೂರದಿಂದ ನಡೆದು ಬಂದ 40ನೇ ಡಿವಿಷನ್ನನ್ನು ನೆಲ ಕೂಡ ಸರಿಯಾಗಿ ನೋಡಲು ಬಿಡದೆ ನುಗ್ಗಿಸಿದರು. ದಾಳಿ ಮುರಿದುಬಿತ್ತು. ಆಮೇಲೆ ಅಲ್ಲಿನ ಡಿವಿಷನ್‌ಗಳೆಲ್ಲ ಸೇರಿದ 39ನೇ ಕೋರ್ ಸೋವಿಯತ್ ಸೇನಾಧಿಕಾರಿ ಷ್ಟೆರ್ನ್ ಕೈಗೆ ಬಂತು. ಆಗಸ್ಟ್ 6ರಂದು ಭಾರೀ ಬಾಂಬ್ ದಾಳಿಯ ಜೊತೆ ಉತ್ತರದಿಂದ 32ನೇ, ದಕ್ಷಿಣದಿಂದ 40ನೇ ಡಿವಿಷನ್ ಮೇಲೇರಿದವು. ಆಗಸ್ಟ್ 10ರಂದು ಮಾಸ್ಕೋದಲ್ಲಿ ಸೋವಿಯತ್ ವಿದೇಶಾಂಗ ಮಂತ್ರಿ ಲಿಟ್ವಿನೋವ್ ಮತ್ತು ಜಪಾನಿನ ರಾಯಭಾರಿ ಷಿಗೆಮಿಟ್ಸು ಕದನವಿರಾಮ ಒಪ್ಪಿಕೊಂಡರು.

ಜಪಾನಿನ ಲೆಕ್ಕದಲ್ಲಿ ಅವರ ಕಡೆ ಸತ್ತವರು 526. ಸೋವಿಯತ್ ಕಡೆ ಸತ್ತವರು ಮತ್ತು ಕಾಣೆಯಾದವರು 792. ಗೆದ್ದವರಿಗೇ ಹೆಚ್ಚು ಪೆಟ್ಟು.

ಯಾಕೆ ಅನ್ನೋದಕ್ಕೆ ಸೋವಿಯತ್ ರಕ್ಷಣಾ ಇಲಾಖೆಯ ಸೆಪ್ಟೆಂಬರ್ 4ರ ಆದೇಶ ಸಂಖ್ಯೆ 0040 ಓದಬೇಕು. ಕೆಲವು ಫಿರಂಗಿ ದಳಗಳು ಗುಂಡುಗಳಿಲ್ಲದೆ ರಣರಂಗಕ್ಕೆ ಬಂದಿದ್ದವು. ಮೆಷಿನ್‌ಗನ್ನಿನ ಬದಲಿ ನಳಿಗೆಗಳನ್ನು ಮೊದಲೇ ಕೂರಿಸಿ ನೋಡಿರಲಿಲ್ಲ. ಕಾದ ನಳಿಗೆ ಬದಲಿಸುವ ಹೊತ್ತಿಗೆ ಅದು ಕೂರದಿದ್ದರೆ ಆ ಗನ್ ಇದ್ದೂ ಇಲ್ಲದಂತೆ. ರೈಫಲ್‌ಗಳ ಗುರಿ ಸರಿಪಡಿಸಿರಲಿಲ್ಲ. ಎಷ್ಟೋ ಸೈನಿಕರ ಕೈಯಲ್ಲಿ ರೈಫಲ್ಲೇ ಇರಲಿಲ್ಲ. ಸೈನಿಕರನ್ನು ತರಬೇತಿಯಿಂದ ಬಿಡಿಸಿ ಬೇರೆ ಬೇರೆ ಕೆಲಸಗಳಿಗೆ ಕಳಿಸಿದ್ದರ ಫಲ ಇದು ಅಂತ ಆದೇಶವೇ ಹೇಳುತ್ತೆ. ಇಷ್ಟು ಬಿಚ್ಚಿ ಬರೆದದ್ದನ್ನು ನಾನು ಮೆಚ್ಚುತ್ತೇನೆ.

ಆದರೆ ಅದೇ ಆದೇಶ ಹೊಣೆಯನ್ನು ಹೊರಿಸಿದ್ದು ದೂರಪೂರ್ವದ ಸೋವಿಯತ್ ಸೇನೆಯ ಮುಖ್ಯಸ್ಥ ಮಾರ್ಷಲ್ ಬ್ಲ್ಯೂಖರ್ ಮೇಲೆ. ಸಿದ್ಧತೆಯ ಕೊರತೆಗೆ ಅವನು ಹೊಣೆ, ಒಪ್ಪೋಣ. ಅವನ ಮೇಲಿನ ನಿಜವಾದ ಸಿಟ್ಟು ಬೇರೆ ಅಂತ ನನಗನ್ನಿಸುತ್ತೆ. ಕಾಳಗಕ್ಕೆ ಮೊದಲೇ, ಜುಲೈ 24ರಂದು, ಅವನು ಒಂದು ತನಿಖಾ ತಂಡ ಕಳಿಸಿದ್ದ. ನಮ್ಮ ಕಂದಕವೇ ಗಡಿಯಾಚೆ ಮೂರು ಮೀಟರ್ ಹೋಗಿದೆ ಅಂತ ಆ ತಂಡ ಹೇಳಿತು. ಅವನು ಅದನ್ನು ಮುಚ್ಚಿಡದೆ ಮಾಸ್ಕೋಗೆ ತಿಳಿಸಿ, ತಪ್ಪು ಮಾಡಿದವರ ಮೇಲೆ ಕ್ರಮ ಕೇಳಿದ. ಅಕ್ಟೋಬರ್ 22ರಂದು ಅವನ ಬಂಧನ, ನವೆಂಬರ್ 9ರಂದು ಸೆರೆಯಲ್ಲೇ ಸಾವು.

ಹೀಗಿದ್ದರೂ ಸೋವಿಯತ್ ಸೇನೆ ಒಂದು ವಿಷಯ ಕಲಿಯಿತು: ಸರಬರಾಜು. 1939ರಲ್ಲಿ ಮಂಗೋಲಿಯಾ–ಮಂಚೂರಿಯಾ ಗಡಿಯ ಖಾಲ್ಖಿನ್ ಗೋಲ್‌ಗೆ (ಜಪಾನಿಯರು ನೊಮೊನ್‌ಹಾನ್ ಅನ್ನುವ ಯುದ್ಧ ನಡೆದದ್ದು ಇಲ್ಲೇ) ಅದೇ ಷ್ಟೆರ್ನ್ ಹೋದ. ಅಲ್ಲಿಗೆ ಹತ್ತಿರದ ರೈಲು ನಿಲ್ದಾಣ ಸುಮಾರು 650 ಕಿಲೋಮೀಟರ್ ದೂರ. ಸಾವಿರಾರು ಲಾರಿಗಳು ಹುಲ್ಲುಗಾವಲಿನಲ್ಲಿ ಹಗಲೂ ರಾತ್ರಿ ಓಡಿದವು. ಇಷ್ಟು ದೂರಕ್ಕೆ ದೊಡ್ಡ ಸೈನ್ಯ ಬರಲಾರದು ಅಂತ ಜಪಾನಿಯರು ಲೆಕ್ಕ ಹಾಕಿದ್ದರು.

ಅವರು ಖಾಸನ್‌ನಿಂದ ಕಲಿತದ್ದು ತಿರುಗುಮುರುಗು. ಸುಯೆತಾಕಾನಿಗೆ ಏನೂ ಆಗಲಿಲ್ಲ. 1939ರ ಏಪ್ರಿಲ್‌ನಲ್ಲಿ ಮಂಚೂರಿಯಾದಲ್ಲಿದ್ದ ಜಪಾನಿನ ಕ್ವಾಂಟುಂಗ್ ಸೇನೆ ಹೊಸ ನಿಯಮಾವಳಿ ಹೊರಡಿಸಿತು. ಬರೆದವನು ಆ ಸೇನೆಯ ಅಧಿಕಾರಿ ತ್ಸುಜಿ ಮಸನೊಬು. ಗಡಿ ಎಲ್ಲಿದೆ ಅಂತ ಸ್ಪಷ್ಟವಿಲ್ಲದ ಕಡೆ ಸ್ಥಳದಲ್ಲಿರುವ ಅಧಿಕಾರಿಯೇ ಗಡಿ ತೀರ್ಮಾನಿಸಲಿ ಅಂತ ಅದರಲ್ಲಿತ್ತು. ಸುಯೆತಾಕಾ ಕದ್ದು ಮಾಡಿದ್ದು ಈಗ ನಿಯಮವೇ ಆಯಿತು. ಮುಂದಿನ ತಿಂಗಳೇ ನೊಮೊನ್‌ಹಾನ್‌ನಲ್ಲಿ ಗುಂಡು ಹಾರಿತು, ಆಗಸ್ಟ್ ಕೊನೆಗೆ ಜಪಾನಿನ 23ನೇ ಡಿವಿಷನ್ ಸೋವಿಯತ್ ಸೇನಾಧಿಪತಿ ಝುಕೋವ್‌ನ ಸುತ್ತುವರಿಕೆಯಲ್ಲಿ ನುಚ್ಚುನೂರಾಯಿತು. ನಿಯಮ ಬರೆದ ತ್ಸುಜಿ ಮಾತ್ರ ಸೇನೆಯಲ್ಲೇ ಉಳಿದ. 1941ರ ಡಿಸೆಂಬರಿನಲ್ಲಿ ಮಲಯದ ಮೇಲೆ ನಡೆದ ದಾಳಿಯ ಯೋಜನೆ ಮಾಡಿದವರಲ್ಲಿ ಅವನೇ ಮುಂದಿದ್ದ.